ಗಾಜಿನ ಜಾಡಿಗಳಲ್ಲಿ ಶಸ್ತ್ರವೈದ್ಯದ ಚರಿತ್ರೆ

ಲಂಡನ್ ನಗರದ ನಡುಭಾಗದಲ್ಲಿ ಲಿಂಕನ್ಸ್ ಇನ್ ಫೀಲ್ಡ್ಸ್ ಎಂಬ ದೊಡ್ಡದೊಂದು ಚೌಕವುಂಟು. ನಡುವೆ ಮರಗಳು, ಹುಲ್ಲುಹಾಸು. ಸುತ್ತಲೂ ಹಳೆಯ ಕಟ್ಟಡಗಳು. ಚೌಕದ ಒಂದು ಪಕ್ಕಕ್ಕೆ ವಕೀಲರ ಪುರಾತನ ಸಂಸ್ಥೆಯೊಂದಿದೆ. ಇನ್ನೊಂದು ಪಕ್ಕದಲ್ಲಿ, ಸಾಲುಗಂಬಗಳ ಎತ್ತರವಾದ ಮುಖಮಂಟಪದ ಹಿಂದೆ, ಇಂಗ್ಲೆಂಡಿನ ಶಸ್ತ್ರವೈದ್ಯರ ರಾಯಲ್ ಕಾಲೇಜು ಇದೆ. ಕಪ್ಪು ಕೋಟಿನವರ ಕೈಗೂ ಕತ್ತಿ ಹಿಡಿದವರ ಕೈಗೂ ಸಿಕ್ಕಬಾರದೆಂದು ನಮ್ಮ ಹಿರಿಯರು ಹೇಳುವುದುಂಟು. ಇಲ್ಲಿ ಅವರಿಬ್ಬರೂ ನೆರೆಹೊರೆಯವರು.

ಈ ಕಾಲೇಜಿನ ಒಳಗಿರುವುದೇ ಹಂಟೇರಿಯನ್ ವಸ್ತುಸಂಗ್ರಹಾಲಯ. ಶಸ್ತ್ರವೈದ್ಯದ ಮತ್ತು ಅಂಗರಚನಾಶಾಸ್ತ್ರದ ಚರಿತ್ರೆಯನ್ನು ತಿಳಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಸ್ಥಳ ಸಿಕ್ಕುವುದು ಕಷ್ಟ. ೧೮೧೩ರಲ್ಲಿ ಇದು ಈ ಚೌಕದಲ್ಲಿ ಬಾಗಿಲು ತೆರೆಯಿತು. ಕಟ್ಟಡವನ್ನು ಹೊಸದಾಗಿ ಕಟ್ಟುವುದಕ್ಕಾಗಿ ೨೦೧೭ರಲ್ಲಿ ಮುಚ್ಚಿ, ೨೦೨೩ರ ಮೇ ತಿಂಗಳಲ್ಲಿ ಮತ್ತೆ ತೆರೆದರು. ಪ್ರವೇಶಕ್ಕೆ ಹಣವಿಲ್ಲ. ಹಿಂದಿನ ಕಾಲದಲ್ಲಿ ಇಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು. ಈಗ ಯಾರು ಬೇಕಾದರೂ ಹೋಗಬಹುದು. ಮಕ್ಕಳು ಮರಿಗಳೊಡನೆ ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರೂ, ಅವರನ್ನು ನೋಡಲೆಂದು ಹೋಗುವ ಅಜ್ಜ ಅಜ್ಜಿಯರೂ, ಒಂದು ಮಧ್ಯಾಹ್ನವನ್ನು ಇದಕ್ಕೆಂದು ಮೀಸಲಿಟ್ಟರೆ ನಷ್ಟವಿಲ್ಲ. ಹೊಟ್ಟೆ ತೊಳಸೀತೆಂಬ ಅಂಜಿಕೆಯಿದ್ದವರು ಊಟಕ್ಕೆ ಮೊದಲೇ ಹೋಗಿ ಬರುವುದು ಲೇಸು.

ಮೊದಲು ಒಂದು ಮಾತನ್ನು ನೆನಪಿನಲ್ಲಿಡಬೇಕು. ಬಹುಕಾಲ ಯೂರೋಪಿನಲ್ಲಿ ಶಸ್ತ್ರವೈದ್ಯನೆಂದರೆ ವಿದ್ವಾಂಸನಲ್ಲ, ಕೈಕಸಬಿನವನು. ನಾಡಿ ಹಿಡಿದು, ಲ್ಯಾಟಿನ್ ಮಾತನಾಡಿ, ಕಷಾಯ ಬರೆದುಕೊಡುವ ವೈದ್ಯ ಬೇರೆ. ಕುರು ಕೊಯ್ದು, ಹಲ್ಲು ಕಿತ್ತು, ಕಾಲು ಕತ್ತರಿಸುವವನು ಬೇರೆ. ಈ ಎರಡನೆಯವನು ಕ್ಷೌರಿಕನ ಜೊತೆಗಾರ. ನಮ್ಮ ಹಳ್ಳಿಗಳಲ್ಲೂ ಕುರು ಕೊಯ್ಯಲು ಕ್ಷೌರಿಕನನ್ನೇ ಕರೆಯುತ್ತಿದ್ದ ಕಾಲ ಬಹಳ ಹಿಂದಿನದೇನೂ ಅಲ್ಲ. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, ೧೫೪೦ರಲ್ಲಿ, ಲಂಡನ್ನಿನ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಘವಾಗಿ ಸೇರಿಸಿದರು. ೧೭೪೫ರವರೆಗೆ ಅವರು ಒಟ್ಟಿಗಿದ್ದರು. ಇಂದಿಗೂ ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯರನ್ನು ‘ಡಾಕ್ಟರ್’ ಎನ್ನದೆ ‘ಮಿಸ್ಟರ್’ ಎಂದೇ ಕರೆಯುತ್ತಾರೆ. ಒಂದು ಕಾಲಕ್ಕೆ ಕೀಳೆನಿಸಿದ್ದ ಆ ಹೆಸರೇ ಈಗ ಹೆಮ್ಮೆಯದಾಗಿದೆ.

ಸಂಗ್ರಹಾಲಯದ ಅತ್ಯಂತ ಹಳೆಯ ವಸ್ತುಗಳಲ್ಲಿ ನಾಲ್ಕು ಮರದ ಹಲಗೆಗಳಿವೆ. ಒಂದೊಂದೂ ಆಳುದ್ದ. ಜಾನ್ ಈವ್ಲಿನ್ ಎಂಬ ಇಂಗ್ಲಿಷ್ ದಿನಚರಿಕಾರ ೧೬೪೦ರ ದಶಕದಲ್ಲಿ ಇಟಲಿಯ ಪಾದುವಾ ನಗರದಲ್ಲಿ ಇವನ್ನು ಕೊಂಡು ತಂದನು. ದೂರದಿಂದ ನೋಡಿದರೆ ಹಲಗೆಯ ಮೇಲೆ ಯಾರೋ ಮರದ ಬೇರುಗಳನ್ನು ಬರೆದಿದ್ದಾರೆ ಎನ್ನಿಸುತ್ತದೆ. ಹತ್ತಿರ ಹೋದರೆ ತಿಳಿಯುವುದು: ಅವು ಚಿತ್ರಗಳಲ್ಲ. ಮನುಷ್ಯರ ದೇಹದಿಂದ ಬಿಡಿಸಿ ತೆಗೆದ ರಕ್ತನಾಳಗಳು ಮತ್ತು ನರಗಳು. ಅವನ್ನು ಒಣಗಿಸಿ, ಹಲಗೆಗೆ ಅಂಟಿಸಿ, ವಾರ್ನಿಷ್ ಬಳಿದಿದ್ದಾರೆ. ನಮ್ಮಲ್ಲಿ ಮಕ್ಕಳು ಅಶ್ವತ್ಥದ ಎಲೆಯನ್ನು ನೀರಿನಲ್ಲಿ ಕೊಳೆಸಿ, ಹಸುರು ಹೋಗಿ ಬರೀ ನಾರಿನ ಬಲೆ ಉಳಿದಾಗ ಅದನ್ನು ಪುಸ್ತಕದಲ್ಲಿಟ್ಟುಕೊಳ್ಳುವುದಿಲ್ಲವೆ? ಮಾಂಸವೂ ಎಲುಬೂ ಇಲ್ಲದ, ನಾಳಗಳಿಂದಲೇ ಆದ ಈ ಮನುಷ್ಯಾಕೃತಿ ಹಾಗೆಯೇ ಕಾಣುತ್ತದೆ. ಕೆಡದಂತೆ ಕಾಪಾಡುವ ಇಂದಿನ ರಾಸಾಯನಿಕಗಳೊಂದೂ ಇಲ್ಲದ ಕಾಲದಲ್ಲಿ ಇದನ್ನು ಬಿಡಿಸಿದ ಕೈಯ ತಾಳ್ಮೆ ಎಷ್ಟಿದ್ದಿರಬೇಕು!

ಆದರೆ ಈ ಮನೆಯ ಯಜಮಾನ ಜಾನ್ ಹಂಟರ್. ಸ್ಕಾಟ್ಲೆಂಡಿನ ರೈತ ಕುಟುಂಬವೊಂದರಲ್ಲಿ ೧೭೨೮ರಲ್ಲಿ ಹುಟ್ಟಿದವನು; ಹತ್ತು ಮಕ್ಕಳಲ್ಲಿ ಕಡೆಯವನು. ಶಾಲೆಯ ಪಾಠ ಅವನಿಗೆ ಹಿಡಿಸಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ, ೧೭೪೮ರಲ್ಲಿ, ಲಂಡನ್ನಿನಲ್ಲಿ ಅಂಗರಚನಾಶಾಸ್ತ್ರದ ಶಾಲೆ ನಡೆಸುತ್ತಿದ್ದ ಅಣ್ಣ ವಿಲಿಯಮನ ಬಳಿಗೆ ಕೈಕೆಲಸಕ್ಕೆಂದು ಹೋದನು. ಅಲ್ಲಿ ಹೆಣಗಳನ್ನು ಕೊಯ್ದು ಪಾಠಕ್ಕೆ ಅಣಿಮಾಡುವುದು ಅವನ ಕೆಲಸ. ಆ ಕೆಲಸದಲ್ಲಿ ಅವನ ಕೈ ಎಷ್ಟು ಪಳಗಿತೆಂದರೆ ಮುಂದೆ ಅವನೇ ಯೂರೋಪಿನ ಹೆಸರಾಂತ ಶಸ್ತ್ರವೈದ್ಯರಲ್ಲೊಬ್ಬನಾದನು. ಸಿಡುಬಿಗೆ ಹಾಲಮ್ಮನ ಹಾಕಿಸುವ ಪದ್ಧತಿಯನ್ನು ಲೋಕಕ್ಕೆ ಕೊಟ್ಟ ಎಡ್ವರ್ಡ್ ಜೆನ್ನರ್ ಇವನ ಶಿಷ್ಯ. ಹಂಟರ್ ೧೭೯೩ರಲ್ಲಿ ತೀರಿಕೊಂಡಾಗ ಅವನ ಮನೆಯಲ್ಲಿ ಸುಮಾರು ೧೪,೦೦೦ ಮಾದರಿಗಳಿದ್ದವು. ೧೭೯೯ರಲ್ಲಿ ಸರಕಾರ ೧೫,೦೦೦ ಪೌಂಡು ಕೊಟ್ಟು ಅವನ್ನು ಕೊಂಡು ಶಸ್ತ್ರವೈದ್ಯರ ಸಂಘಕ್ಕೆ ಒಪ್ಪಿಸಿತು. ಆರು ವರ್ಷಗಳ ಆ ನಡುವಿನ ಕಾಲದಲ್ಲಿ ಜಾಡಿಗಳನ್ನು ಕಾದು ಉಳಿಸಿದವನು ಅವನ ಸಹಾಯಕನಾಗಿದ್ದ ವಿಲಿಯಂ ಕ್ಲಿಫ್ಟ್ ಎಂಬ ತರುಣ. ೧೯೪೧ರ ಮೇ ತಿಂಗಳ ಒಂದು ರಾತ್ರಿ ಜರ್ಮನರ ಬಾಂಬು ಬಿದ್ದು ಸಂಗ್ರಹದ ಬಹುಭಾಗ ಹಾಳಾಯಿತು. ಹಂಟರನ ಕೈಯ ಮಾದರಿಗಳಲ್ಲಿ ಉಳಿದಿರುವುದು ಸುಮಾರು ೩,೫೦೦.

ಅವುಗಳಲ್ಲಿ ೨,೦೦೦ಕ್ಕೂ ಮೇಲ್ಪಟ್ಟು ಒಂದೇ ಉದ್ದನೆಯ ಮಂದಿರದಲ್ಲಿ, ನೆಲದಿಂದ ತಲೆಯ ಮೇಲಿನವರೆಗೆ, ಗಾಜಿನ ಗೂಡುಗಳಲ್ಲಿ ನಿಂತಿವೆ. ಮದ್ಯಸಾರ ತುಂಬಿದ ಜಾಡಿಗಳಲ್ಲಿ ಹೃದಯ, ಕರುಳು, ಕಣ್ಣು, ಮೀನಿನ ಕಿವಿರು, ಹಕ್ಕಿಯ ಜಠರ. ಹಂಟರ್ ಇವನ್ನು ಪ್ರಾಣಿಗೊಂದು ಕಪಾಟಿನಂತೆ ಜೋಡಿಸಲಿಲ್ಲ. ಕೆಲಸಕ್ಕೊಂದು ಕಪಾಟಿನಂತೆ ಜೋಡಿಸಿದನು. ಅರಗಿಸಿಕೊಳ್ಳುವ ಅಂಗಗಳೆಲ್ಲ ಒಂದು ಕಡೆ, ನೋಡುವ ಅಂಗಗಳೆಲ್ಲ ಒಂದು ಕಡೆ. ಹುಳುವಿನಿಂದ ಮನುಷ್ಯನವರೆಗೆ ಒಂದೇ ಕೆಲಸವನ್ನು ಪ್ರಕೃತಿ ಎಷ್ಟು ಬಗೆಯಲ್ಲಿ ಮಾಡಿಸಿಕೊಂಡಿದೆ ಎಂಬುದು ಇದರಿಂದ ಕಣ್ಣಿಗೆ ಕಟ್ಟುತ್ತದೆ. ಇಲ್ಲೊಂದು ವಿಚಿತ್ರವುಂಟು: ಹುಂಜದ ಜುಟ್ಟಿನಲ್ಲಿ ನೆಟ್ಟ ಮನುಷ್ಯನ ಹಲ್ಲು! ಒಬ್ಬರ ಹಲ್ಲನ್ನು ಇನ್ನೊಬ್ಬರಲ್ಲಿ ನೆಟ್ಟರೆ ಹತ್ತೀತೇ ಎಂಬ ಪರೀಕ್ಷೆ ಅದು. ಆ ಕಾಲದಲ್ಲಿ ಲಂಡನ್ನಿನ ಸಿರಿವಂತರು ಬಡ ಹುಡುಗ ಹುಡುಗಿಯರ ಹಲ್ಲನ್ನು ದುಡ್ಡು ಕೊಟ್ಟು ಕೀಳಿಸಿ ತಮ್ಮ ಒಸಡಿಗೆ ನೆಡಿಸಿಕೊಳ್ಳುತ್ತಿದ್ದರು. ಹಲ್ಲು ಬಹುಕಾಲ ನಿಲ್ಲುತ್ತಿರಲಿಲ್ಲ, ರೋಗ ಮಾತ್ರ ದಾಟುತ್ತಿತ್ತು.

ಇಷ್ಟೊಂದು ಕೊಯ್ದು ನೋಡಿದ್ದರಿಂದ ರೋಗಿಗೆ ಬಂದ ಲಾಭವೇನು? ಒಂದು ಕಾಲಿನ ಕಥೆಯನ್ನು ಹೇಳಿದರೆ ಸಾಕು. ಆಗಿನ ಗಾಡಿ ಹೊಡೆಯುವವರಿಗೆ ಮೊಣಕಾಲಿನ ಹಿಂಬದಿಯ ದೊಡ್ಡ ರಕ್ತನಾಳ ಉಬ್ಬಿಕೊಳ್ಳುವ ರೋಗ ಬರುತ್ತಿತ್ತು. ಸೈಕಲ್ ಟ್ಯೂಬಿನ ಸವೆದ ಜಾಗ ಗುಳ್ಳೆಯಂತೆ ಉಬ್ಬುವುದನ್ನು ನೋಡಿದ್ದೀರಿ, ಹಾಗೆ. ಗುಳ್ಳೆ ಒಡೆದರೆ ನೆತ್ತರು ಹರಿದು ಮನುಷ್ಯ ಸಾಯುತ್ತಾನೆ. ಬಹುಮಂದಿ ವೈದ್ಯರಿಗೆ ತೋಚುತ್ತಿದ್ದ ಉಪಾಯ, ತೊಡೆಯಿಂದ ಕಾಲನ್ನೇ ಕತ್ತರಿಸುವುದು. ಹಂಟರ್ ಬೇರೆ ದಾರಿ ಹಿಡಿದನು. ೧೭೮೫ರ ಡಿಸೆಂಬರಿನಲ್ಲಿ, ನಲವತ್ತೈದು ವರ್ಷದ ಗಾಡಿಯವನೊಬ್ಬನ ತೊಡೆಯನ್ನು ತೆರೆದು, ಗುಳ್ಳೆಗಿಂತ ಬಹಳ ಮೇಲೆ, ನಾಳ ಗಟ್ಟಿಯಾಗಿರುವಲ್ಲಿ ಅದನ್ನು ದಾರದಿಂದ ಕಟ್ಟಿಬಿಟ್ಟನು. ಹಾಗಾದರೆ ಕೆಳಗಿನ ಕಾಲಿಗೆ ರಕ್ತವೆಲ್ಲಿಂದ? ಕೆರೆಯ ದೊಡ್ಡ ಕಾಲುವೆ ಮುಚ್ಚಿದರೆ ಪಕ್ಕದ ಸಣ್ಣ ಕಾಲುವೆಗಳಲ್ಲಿ ನೀರು ನುಗ್ಗಿ ಅವೇ ಅಗಲವಾಗುವಂತೆ, ಪಕ್ಕದ ಸಣ್ಣ ನಾಳಗಳು ಅಗಲಗೊಂಡು ರಕ್ತ ಸಾಗಿಸುತ್ತವೆ ಎಂಬುದು ಅವನ ನಂಬಿಕೆ. ಸಾವಿರಾರು ದೇಹಗಳನ್ನು ಬಿಡಿಸಿ ನೋಡಿದವನಿಗೆ ಮಾತ್ರ ಬರಬಹುದಾದ ನಂಬಿಕೆ! ಗಾಡಿಯವನು ಕಾಲು ಉಳಿಸಿಕೊಂಡು ಕೆಲವೇ ವಾರಗಳಲ್ಲಿ ಆಸ್ಪತ್ರೆಯಿಂದ ನಡೆದು ಹೋದನು. ವರ್ಷಕ್ಕೂ ಮಿಕ್ಕಿ ಕಾಲ ಕಳೆದ ಮೇಲೆ ಅವನು ಬೇರೆ ಜ್ವರದಿಂದ ಸತ್ತಾಗ, ಹಂಟರ್ ಕಷ್ಟಪಟ್ಟು, ಹಣ ವೆಚ್ಚಮಾಡಿ, ಆ ಕಾಲನ್ನು ಪರೀಕ್ಷಿಸಲು ಅನುಮತಿ ಪಡೆದನು. ತಾನು ನಂಬಿದ್ದು ನಿಜವಾಗಿತ್ತು.

ಇದೆಲ್ಲ ನಡೆದದ್ದು ರೋಗಿಗೆ ಎಚ್ಚರವಿದ್ದಾಗಲೇ ಎಂಬುದನ್ನು ಮರೆಯಬಾರದು. ಗರಗಸ, ಬಾಗಿದ ಚೂರಿ, ಇಕ್ಕಳ ಮೊದಲಾದ ಸಲಕರಣೆಗಳನ್ನು ನೋಡುವಾಗ ಇದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ನೋವು ತಡೆಯಲಾಗದಿದ್ದುದರಿಂದ ವೈದ್ಯನ ದೊಡ್ಡ ಗುಣವೆಂದರೆ ವೇಗ. ೧೮೪೬ರ ಡಿಸೆಂಬರ್ ೨೧ರಂದು ರಾಬರ್ಟ್ ಲಿಸ್ಟನ್ ಲಂಡನ್ನಿನಲ್ಲಿ ಒಬ್ಬನಿಗೆ ಈಥರ್ ಮೂಸಿಸಿ ಕಾಲು ಕತ್ತರಿಸಿದ ಮೇಲೆ ಆ ಕಾಲ ಮುಗಿಯಿತು. ೧೮೬೭ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯ ಕೀವಾಗದಂತೆ ಕಾಯುವ ಕ್ರಮವನ್ನು ಪ್ರಕಟಿಸಿದನು. ಹೊಟ್ಟೆಯನ್ನೂ ಎದೆಯನ್ನೂ ಧೈರ್ಯವಾಗಿ ತೆರೆಯುವ ಶಸ್ತ್ರವೈದ್ಯ ಈ ಎರಡರ ನಂತರದ ಮಾತು. ಶಾಲೆಯ ಪುಸ್ತಕಗಳಲ್ಲಿ ಇದು ಬರುವುದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಮುಖವನ್ನು ಮರಳಿ ಕಟ್ಟುವ ವಿದ್ಯೆಯ ಎದುರಿಗೆ ಮಾತ್ರ ನಾವು ಸ್ವಲ್ಪ ನಿಲ್ಲಬೇಕು. ಒಂದನೆಯ ಮಹಾಯುದ್ಧದಲ್ಲಿ ಗುಂಡಿಗೆ ಮೂಗು, ದವಡೆ ಕಳೆದುಕೊಂಡ ಸೈನಿಕರಿಗೆ ಹೆರಾಲ್ಡ್ ಗಿಲ್ಲೀಸ್ ಎಂಬ ಶಸ್ತ್ರವೈದ್ಯ ಹೊಸ ಮುಖ ಕಟ್ಟಿಕೊಟ್ಟನು. ಶಸ್ತ್ರವೈದ್ಯವನ್ನು ಕಲಿತು ಚಿತ್ರಕಲೆಯ ಗುರುವಾಗಿದ್ದ ಹೆನ್ರಿ ಟಾಂಕ್ಸ್ ಬಣ್ಣದ ಸೀಮೆಸುಣ್ಣದಿಂದ ಬರೆದ ಆ ಸೈನಿಕರ ಚಿತ್ರಗಳನ್ನು ಈ ಕಾಲೇಜು ಕಾಪಾಡಿಕೊಂಡು ಬಂದಿದೆ. ಈ ವಿದ್ಯೆಯ ಒಂದು ಬೇರು ನಮ್ಮ ದೇಶದ್ದು. ಅದರ ಕಥೆ ಮೈಸೂರಿನ ಯುದ್ಧದಿಂದಲೇ ಮೊದಲಾಗುತ್ತದೆ.

ಟಿಪ್ಪು ಸುಲ್ತಾನನ ಮೇಲೆ ಇಂಗ್ಲಿಷರು ನಡೆಸಿದ, ೧೭೯೨ರಲ್ಲಿ ಮುಗಿದ ಯುದ್ಧದಲ್ಲಿ ಕಾವಸ್ಜಿ ಎಂಬ ಮರಾಠ ಎತ್ತಿನ ಗಾಡಿಯವನು ಇಂಗ್ಲಿಷರ ದಂಡಿನೊಡನಿದ್ದನು. ಅವನು ಸುಲ್ತಾನನ ಕಡೆಯವರಿಗೆ ಸೆರೆ ಸಿಕ್ಕಾಗ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರೆಂದು ಲಂಡನ್ನಿನ ‘ಜಂಟಲ್ಮನ್ಸ್ ಮ್ಯಾಗಜಿನ್’ ಎಂಬ ಪತ್ರಿಕೆ ೧೭೯೪ರ ಅಕ್ಟೋಬರಿನಲ್ಲಿ ಬರೆಯಿತು. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದಿದ್ದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಸುಡುವ ಜಾತಿಯವನೊಬ್ಬ ಹೊಸ ಮೂಗು ಮಾಡಿಕೊಟ್ಟನು. ಕ್ರಮ ಹೀಗೆ: ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಯಾಗಿ ಹಣೆಯ ಮೇಲೆ ಇಟ್ಟು ಸುತ್ತಲೂ ಗೆರೆ ಎಳೆಯುವುದು, ಆ ಗೆರೆಯಂತೆ ಹಣೆಯ ಚರ್ಮವನ್ನು ಬಿಡಿಸುವುದು, ಹುಬ್ಬುಗಳ ನಡುವೆ ಮಾತ್ರ ಒಂದು ಸಣ್ಣ ಪಟ್ಟಿ ಅಂಟಿಕೊಂಡೇ ಇರುವಂತೆ ಬಿಡುವುದು. ಆ ಪಟ್ಟಿಯೇ ತೊಟ್ಟು. ಅದರ ಮೂಲಕ ರಕ್ತ ಹರಿಯುತ್ತಿರುವುದರಿಂದ ಚರ್ಮ ಸಾಯುವುದಿಲ್ಲ. ಬಿಡಿಸಿದ ಚರ್ಮವನ್ನು ತಿರುಚಿ ಕೆಳಗಿಳಿಸಿ ಮೂಗಿನ ಜಾಗದಲ್ಲಿ ಕೂರಿಸಿ, ಅಂಚುಗಳನ್ನು ಗಾಯದೊಳಕ್ಕೆ ಸೇರಿಸಿ, ನೀರಿನಲ್ಲಿ ಮೆತ್ತಗಾಗಿಸಿದ ಕಾಚು ಬಳಿದ ಬಟ್ಟೆಯ ಪಟ್ಟಿಗಳನ್ನು ಹಾಕುವುದು. ಹೌದು, ತಾಂಬೂಲಕ್ಕೆ ಹಾಕುವ ಅದೇ ಕಾಚು! ಸುಮಾರು ಇಪ್ಪತ್ತೈದನೆಯ ದಿನ, ಹೊಸ ಜಾಗದಲ್ಲಿ ಚರ್ಮ ಬೇರೂರಿದ ಮೇಲೆ, ತೊಟ್ಟನ್ನು ಕತ್ತರಿಸುವುದು.

ಕೆನ್ನೆಯ ಚರ್ಮದಿಂದ ಮೂಗು ಕಟ್ಟುವುದನ್ನು, ಎಲೆಯಿಂದ ಅಳತೆ ತೆಗೆದುಕೊಳ್ಳುವುದನ್ನು ಸುಶ್ರುತಸಂಹಿತೆ ಹೇಳುತ್ತದೆ. ಪುಣೆಯವನು ಹಣೆಯಿಂದ ತೆಗೆದನು. ಅವನು ಸಂಸ್ಕೃತ ಓದಿದವನೆಂದು ಪತ್ರಿಕೆ ಹೇಳುವುದಿಲ್ಲ. ವಿದ್ಯೆ ಅವನ ಕೈಯಲ್ಲಿತ್ತು. ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಇದನ್ನು ವಿಚಾರಿಸಿ ತಿಳಿದು, ೧೮೧೪ರಲ್ಲಿ ತಾನೇ ಮಾಡಿ ಗೆದ್ದು, ೧೮೧೬ರಲ್ಲಿ ಪುಸ್ತಕ ಬರೆದನು. ಕಾವಸ್ಜಿಯ ಹೆಸರು ಉಳಿಯಿತು. ಮೂಗು ಕಟ್ಟಿದವನ ಹೆಸರನ್ನು ಪತ್ರಿಕೆ ಬರೆದಿಡಲಿಲ್ಲ. ಕೆಲಸ ನೋಡಿದ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರನ್ನು ಮಾತ್ರ ಮರೆಯದೆ ಅಚ್ಚುಹಾಕಿತು.

ಇಷ್ಟೆಲ್ಲ ನೋಡಿದ ಮೇಲೆ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ಈ ದೇಹಗಳೆಲ್ಲ ಎಲ್ಲಿಂದ ಬಂದವು? ಯಾರನ್ನು ಕೇಳಿ ತಂದರು?

ಉತ್ತರ ಹಿತವಾದುದಲ್ಲ. ೧೫೪೦ರ ಶಾಸನ ಶಸ್ತ್ರವೈದ್ಯರಿಗೆ ವರ್ಷಕ್ಕೆ ನಾಲ್ಕು ಗಲ್ಲಿಗೇರಿದವರ ಹೆಣಗಳನ್ನು ಕೊಟ್ಟಿತು. ೧೭೫೨ರಿಂದ ಜಾರಿಗೆ ಬಂದ ಇನ್ನೊಂದು ಶಾಸನ, ಕೊಲೆಗಾರರ ಹೆಣವನ್ನು ಹೂಳಕೂಡದು, ಕೊಯ್ಯಬೇಕು ಅಥವಾ ಸಂಕಲೆಯಲ್ಲಿ ತೂಗುಹಾಕಬೇಕು ಎಂದಿತು. ಅಂದರೆ ಕೊಯ್ಯುವುದು ಗಲ್ಲಿಗಿಂತ ಮೇಲಿನ ಶಿಕ್ಷೆ. ಆದರೆ ಪಾಠಶಾಲೆಗಳ ಹಸಿವಿಗೆ ಇಷ್ಟು ಸಾಲದು. ಆದ್ದರಿಂದ ಹೊಸ ಗೋರಿಗಳನ್ನು ರಾತ್ರಿ ಅಗೆದು ಹೆಣ ಕದ್ದು ಮಾರುವವರ ಕಸಬೇ ಬೆಳೆಯಿತು. ಕಾನೂನಿನಲ್ಲಿ ಹೆಣ ಯಾರ ಸೊತ್ತೂ ಅಲ್ಲವಾದುದರಿಂದ ಅದನ್ನು ಒಯ್ದರೆ ಕಳ್ಳತನವಾಗುತ್ತಿರಲಿಲ್ಲ. ಹೊದಿಸಿದ ಬಟ್ಟೆಯನ್ನು ಒಯ್ದರೆ ಕಳ್ಳತನ. ಕಳ್ಳರು ಬಟ್ಟೆಯನ್ನು ಗೋರಿಯಲ್ಲೇ ಬಿಟ್ಟು ಬರುತ್ತಿದ್ದರು! ಹಂಟರ್ ಸೋದರರ ಶಾಲೆಯೂ ಇಂಥವರಿಂದ ಕೊಂಡುಕೊಂಡದ್ದೇ.

ಚಾರ್ಲ್ಸ್ ಬರ್ನ್ ಎಂಬವನ ಕಥೆ ಎಲ್ಲಕ್ಕಿಂತ ಮನಸ್ಸಿಗೆ ತಾಗುವಂಥದು. ೧೭೬೧ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಈತ ನಿಲ್ಲದೆ ಬೆಳೆಯುತ್ತ ಹೋದನು. ಅವನ ಅಸ್ಥಿಪಂಜರದ ಎತ್ತರವೇ ೭ ಅಡಿ ೭ ಅಂಗುಲ. ೧೭೮೨ರಲ್ಲಿ ಲಂಡನ್ನಿಗೆ ಬಂದು, ಜನರಿಂದ ಹಣ ಪಡೆದು ತನ್ನನ್ನೇ ತೋರಿಸಿಕೊಂಡು ಬದುಕಿದನು. ಕೂಡಿಟ್ಟ ಹಣ ಕಳುವಾಯಿತು, ಕುಡಿತ ಹೆಚ್ಚಿತು. ೧೭೮೩ರ ಜೂನ್ ತಿಂಗಳಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೇ ತೀರಿಕೊಂಡನು. ಶಸ್ತ್ರವೈದ್ಯರು ತನ್ನ ದೇಹಕ್ಕಾಗಿ ಕಾದಿದ್ದಾರೆಂದು ಅವನಿಗೆ ತಿಳಿದಿತ್ತು. ಅವರ ಕೈಗೆ ಸಿಕ್ಕದಂತೆ ತನ್ನನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ಸಮುದ್ರದಲ್ಲಿ ಮುಳುಗಿಸಿರೆಂದು ಗೆಳೆಯರನ್ನು ಬೇಡಿಕೊಂಡನು. ಹಂಟರ್ ೫೦೦ ಪೌಂಡು ಲಂಚ ಕೊಟ್ಟನೆಂದೂ, ದಾರಿಯಲ್ಲಿ ಹೆಣವನ್ನು ತೆಗೆದು ಪೆಟ್ಟಿಗೆಗೆ ಕಲ್ಲು ತುಂಬಿದರೆಂದೂ ಹೇಳುತ್ತಾರೆ. ದೇಹವಂತೂ ಹಂಟರನ ಕೈ ಸೇರಿತು. ಅವನು ಕೆಲವು ವರ್ಷ ಅದನ್ನು ಗುಟ್ಟಾಗಿಟ್ಟು ಆಮೇಲೆ ತೋರಿಸಿದನು. ಮುಂದೆ ಇನ್ನೂರು ವರ್ಷ ಆ ಎಲುಬುಗಳು ಜನರ ಕಣ್ಣಿಗೆ ನಿಂತವು. ಬದುಕಿದ್ದಾಗ ದುಡ್ಡಿಗಾಗಿ ನಿಂತಂತೆಯೇ. ಈಗ ದುಡ್ಡೂ ಇಲ್ಲ.

ಹಂಟರನ ಪರವಾಗಿ ಹೇಳುವುದಕ್ಕೆ ಏನೂ ಇಲ್ಲವೆಂದಲ್ಲ. ೧೯೦೯ರಲ್ಲಿ ಹಾರ್ವಿ ಕುಷಿಂಗ್ ಎಂಬ ಅಮೆರಿಕದ ಶಸ್ತ್ರವೈದ್ಯ ಆ ತಲೆಬುರುಡೆಯ ಒಳಗನ್ನು ನೋಡಿ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗುಳಿ ಹಿಗ್ಗಿರುವುದನ್ನು ಕಂಡನು. ಬರ್ನನ ಬೆಳವಣಿಗೆಗೆ ಆ ಗ್ರಂಥಿಯ ಗಂತಿಯೇ ಕಾರಣವೆಂದು ತಿಳಿಯಿತು. ೨೦೧೧ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಬರ್ನನ ಹಲ್ಲಿನಿಂದ ವಂಶವಾಹಿಯ ದ್ರವ್ಯವನ್ನು ತೆಗೆದು, ಅದರಲ್ಲಿದ್ದ ದೋಷವೇ ಉತ್ತರ ಐರ್ಲೆಂಡಿನ ಇಂದಿನ ಕೆಲವು ಕುಟುಂಬಗಳಲ್ಲಿಯೂ ಇದೆಯೆಂದು ತೋರಿಸಿದರು. ಅಂಥ ಮನೆಗಳ ಮಕ್ಕಳನ್ನು ಮೊದಲೇ ಪರೀಕ್ಷಿಸಿ ಚಿಕಿತ್ಸೆ ಮಾಡಬಹುದಾಗಿದೆ. ಎಲುಬುಗಳು ಸಮುದ್ರದ ತಳದಲ್ಲಿದ್ದಿದ್ದರೆ ಇದು ಆಗುತ್ತಿರಲಿಲ್ಲ. ಆದರೂ ನನಗೆ ತೋರುವುದು ಹೀಗೆ: ಈ ಪ್ರಯೋಜನವನ್ನು ಹಂಟರ್ ಕನಸಿನಲ್ಲಿಯೂ ಕಂಡಿರಲಿಲ್ಲ, ಅವನಿಗೆ ಬೇಕಾಗಿದ್ದುದು ಅಪರೂಪದ ಮಾದರಿ. ಮೂರನೆಯ ತಲೆಮಾರಿನಲ್ಲಿ ಬಂದ ಲಾಭವನ್ನು ತೋರಿಸಿ ಮೊದಲನೆಯ ದಿನದ ಲಂಚವನ್ನು ತೊಳೆಯಲಾಗದು. ಗಾಡಿಯವನ ಕಾಲಿಗೆ ಅನುಮತಿ ಕೇಳಿದ ಮನುಷ್ಯನೇ ಇಲ್ಲಿ ‘ಬೇಡ’ ಎಂಬ ಮಾತನ್ನು ಕೇಳಿಸಿಕೊಂಡೂ ಬಿಟ್ಟುಬಿಟ್ಟನು.

ಕಾನೂನು ಬದಲಾದದ್ದು ಇನ್ನೊಂದು ಭಯಂಕರ ಸಂಗತಿಯಿಂದ. ಎಡಿನ್‌ಬರೋ ನಗರದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ೧೮೨೮ರ ಸುಮಾರಿಗೆ ಹದಿನಾರು ಮಂದಿಯನ್ನು ಕೊಂದು ಹೆಣಗಳನ್ನು ಅಂಗರಚನೆಯ ಅಧ್ಯಾಪಕನಿಗೆ ಮಾರಿದರು. ಗೋರಿ ಅಗೆಯುವ ಶ್ರಮವೂ ಬೇಡವಾಯಿತು! ಬರ್ಕನನ್ನು ೧೮೨೯ರಲ್ಲಿ ಗಲ್ಲಿಗೇರಿಸಿ ಅವನನ್ನೇ ಕೊಯ್ದರು. ೧೮೩೨ರಲ್ಲಿ ಬಂದ ಅಂಗರಚನಾ ಶಾಸನ, ವಾರಸುದಾರರಿಲ್ಲದ ಹೆಣಗಳನ್ನು ಶಾಲೆಗಳಿಗೆ ಕೊಡಲು ಅವಕಾಶ ಮಾಡಿತು. ಗೋರಿಗಳ್ಳತನ ನಿಂತಿತು. ಆದರೆ ವಾರಸುದಾರರಿಲ್ಲದೆ ಸಾಯುವವರು ಯಾರು? ಬಡವರ ಆಶ್ರಯಗಳಲ್ಲಿ ಸಾಯುವ ದಿಕ್ಕಿಲ್ಲದವರು. ಕೊಲೆಗಾರನಿಗೆ ಮೀಸಲಾಗಿದ್ದ ಶಿಕ್ಷೆ ಬಡತನಕ್ಕೆ ವರ್ಗವಾಯಿತೆಂದು ಆಗಲೇ ಜನ ಆಡಿಕೊಂಡರು.

ನಮ್ಮ ರಾಜ್ಯದಲ್ಲಿಯೂ ೧೯೫೭ರ ಅಂಗರಚನಾ ಶಾಸನ ಇದೇ ಜಾಡಿನದು. ವಾರಸುದಾರರು ಬಾರದ ದೇಹಗಳು ವೈದ್ಯಕೀಯ ಕಾಲೇಜುಗಳಿಗೆ ಹೋಗುತ್ತವೆ. ಅದರ ಜೊತೆಗೆ, ಬದುಕಿರುವಾಗಲೇ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಬರೆದುಕೊಟ್ಟು ತಮ್ಮ ದೇಹವನ್ನು ದಾನ ಮಾಡುವವರೂ ಉಂಟು. ಹಾಗೆ ಬರೆದುಕೊಡುವವರು ಮನೆಯವರಿಗೆ ಮೊದಲೇ ತಿಳಿಸಿ ಒಪ್ಪಿಸಿರಬೇಕು. ಸತ್ತ ಮೇಲೆ ಕಾಲೇಜಿಗೆ ಸುದ್ದಿ ಕೊಡಬೇಕಾದವರು ಅವರೇ. ಅದೇ ಹೊತ್ತಿಗೆ ಬಂಧುಗಳಲ್ಲಿ ಚರ್ಚೆ ಎದ್ದರೆ ದಾನ ಅಲ್ಲಿಗೇ ನಿಲ್ಲುತ್ತದೆ. ಲಂಡನ್ನಿಗೆ ಹೋಗಲಾಗದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೆದುಳಿನ ಸಂಗ್ರಹಾಲಯವನ್ನು ನೋಡಬಹುದು.

೨೦೨೩ರ ಜನವರಿಯಲ್ಲಿ ಲಂಡನ್ನಿನ ಸಂಗ್ರಹಾಲಯದ ಧರ್ಮದರ್ಶಿಗಳು ತಮ್ಮ ತೀರ್ಮಾನವನ್ನು ಪ್ರಕಟಿಸಿದರು: ಬರ್ನನ ಅಸ್ಥಿಪಂಜರವನ್ನು ಇನ್ನು ಮುಂದೆ ಪ್ರದರ್ಶಿಸುವುದಿಲ್ಲ, ಸಂಶೋಧನೆಗಾಗಿ ಮಾತ್ರ ಇಟ್ಟುಕೊಳ್ಳುತ್ತೇವೆ. ಸಮುದ್ರಕ್ಕೆ ಒಪ್ಪಿಸಬೇಕೆಂದು ಕೇಳಿದ್ದವರಿಗೆ ಇದು ಅರ್ಧ ಗೆಲವು. ಈಗ ಹೋದವರಿಗೆ ಎಲುಬುಗಳು ಕಾಣಸಿಗುವುದಿಲ್ಲ. ಆದರೆ ಜೋಶುವಾ ರೆನಾಲ್ಡ್ಸ್ ೧೭೮೬ರಲ್ಲಿ ಬರೆದ ಹಂಟರನ ಚಿತ್ರವಿದೆ. ಹಂಟರ್ ಕೈಯಲ್ಲಿ ಲೇಖನಿ ಹಿಡಿದು, ಏನೋ ಹೊಳೆದವನಂತೆ ದೂರ ನೋಡುತ್ತ ಕುಳಿತಿದ್ದಾನೆ. ಚಿತ್ರದ ಮೇಲ್ಗಡೆ, ಮೂಲೆಯಲ್ಲಿ, ಯಾರದೋ ಉದ್ದನೆಯ ಕಾಲೆಲುಬುಗಳು ಪಾದಗಳವರೆಗೆ ತೂಗುತ್ತಿರುವುದು ಕಾಣುತ್ತದೆ. ಅವು ಬರ್ನನ ಕಾಲುಗಳು.